ತಲೆ, ಮನಸ್ಸು, ಖಬರು

ಮೊನ್ನೆ ಭಾನುವಾರ ಹೈದರಾಬಾದಿನ ಕನ್ನಡದವರೆಲ್ಲ ಸೇರಿ ನಮ್ಮ ಮಾಸ್ತರಿಗೆ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡಿದ್ದರು. ಒಬ್ಬ ಭಾಷಣಕಾರರು ಮೈಕು ಹಿಡಿದು, ‘ತಲೆಬುರುಡೆ ತೆರೆದಿಟ್ಟ ಹೊತ್ತಿನಲ್ಲೂ ಆ ಮಹಾನುಭಾವರು ಡಾಕ್ಟರಿಗೆ ಹೇಳಿದ್ದು ಒಂದೇ ಮಾತು. ಏನು ಬೇಕಾದರೂ ತೆಗೆಯಿರಿ, ನನ್ನ ಕನ್ನಡ ಮಾತ್ರ ಉಳಿಸಿ!’ ಎಂದರು. ಚಪ್ಪಾಳೆ ಬಿತ್ತು. ಶ್ರದ್ಧಾಂಜಲಿ ಸಭೆಯಲ್ಲಿ ಚಪ್ಪಾಳೆ! ನನಗೆ ಮೈಯೆಲ್ಲ ಉರಿದುಹೋಯಿತು. ಆ ಶಸ್ತ್ರಚಿಕಿತ್ಸೆಯ ಮೇಜಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದವಳು ನಾನು. ಅವರು ಹಾಗೆ ಹೇಳಲಿಲ್ಲ. ಹೇಳಿದ್ದು ಪೂರಾ ಉಲ್ಟಾ.

ಎದ್ದು ನಿಂತೇಬಿಡುತ್ತಿದ್ದೆ. ಪಕ್ಕದಲ್ಲಿದ್ದ ಅವರ ಹೆಂಡತಿ ನನ್ನ ಸೆರಗು ಜಗ್ಗಿ ಕೂರಿಸಿದರು. ಅವರು ವರಂಗಲ್ ಕಡೆಯವರು. ಕನ್ನಡ ಅರ್ಥವಾಗುತ್ತದೆ, ಮಾತು ಮಾತ್ರ ತೆಲುಗಿನದೇ. ‘ಇಪ್ಪುಡೊದ್ದಮ್ಮಾ,’ ಈಗ ಬೇಡ ಎಂದರು. ಹೊರಗೆ ಬಂದು ಚಪ್ಪಲಿ ಹುಡುಕುವಾಗ, ‘ನುವ್ವು ರಾಯಿ. ಜರಿಗಿಂದಿ ಜರಿಗಿನಟ್ಟು ರಾಯಿ’ ಎಂದರು. ನಡೆದದ್ದನ್ನು ನಡೆದ ಹಾಗೆ ಬರೆ ಅಂತ. ಅವರ ಅಪ್ಪಣೆಯ ಮೇಲೆಯೇ ಬರೆಯುತ್ತಿದ್ದೇನೆ. ಮಾಸ್ತರ ಹೆಸರು ಮಾತ್ರ ಬರೆಯುವುದಿಲ್ಲ. ಹೆಸರಿಗಿಂತ ಮನುಷ್ಯ ದೊಡ್ಡವನು ಎಂದು ಮಾಸ್ತರೇ ಒಂದು ದಿನ ನನಗೆ ತೋರಿಸಿಕೊಟ್ಟರು. ಅದನ್ನು ಮುಂದೆ ಹೇಳುತ್ತೇನೆ.

ನಾನು ಡಿಗ್ರಿ ಓದುವಾಗ ಅವರು ನಮಗೆ ಮನಶ್ಶಾಸ್ತ್ರ ಕಲಿಸುತ್ತಿದ್ದರು. ಕಾಲೇಜಿನಲ್ಲಿ ಎಲ್ಲರಿಗೂ ಸರ್. ಬಟ್ಟೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ನಮ್ಮಪ್ಪ ಸೇಡಂ ಕಡೆಯವರು, ಅವರ ಬಾಯಲ್ಲಿ ಮಾಸ್ತರ್ರು. ನನ್ನ ಮನಸ್ಸಿನಲ್ಲಿ ಉಳಿದದ್ದು ಅಪ್ಪನ ಮಾತೇ. ಉದ್ದಕ್ಕೆ, ಸಣ್ಣಗೆ ಇದ್ದರು. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ. ಯೋಚನೆ ಬಂದರೆ ಕಿವಿಯ ತುದಿ ತಿಕ್ಕಿಕೊಳ್ಳುವರು. ನಡೆಯುವುದು, ಯೋಚಿಸುವುದು ಎರಡೂ ಒಟ್ಟಿಗೆ ಅವರಿಂದ ಆಗುತ್ತಿರಲಿಲ್ಲ. ತಾರ್ನಾಕದ ಚೌಕದಲ್ಲಿ, ಆಟೋದವರು ಹಾರ್ನು ಹೊಡೆದು ಹೊಡೆದು ಸಾಯುತ್ತಿದ್ದರೂ, ತಲೆಯೊಳಗಿನ ವಾಕ್ಯ ಮುಗಿಯುವ ತನಕ ರಸ್ತೆಯ ನಡುವೆಯೇ ನಿಂತುಬಿಡುವರು.

ಮೊದಲ ಕ್ಲಾಸಿನಲ್ಲೇ ಪುಸ್ತಕ ಮುಚ್ಚಿಸಿ, ‘ನಿಮ್ಮ ಮನಸ್ಸು ಎಲ್ಲಿದೆ? ಬೆರಳು ಇಟ್ಟು ತೋರಿಸಿ’ ಎಂದು ಇಂಗ್ಲಿಷಿನಲ್ಲೂ ತೆಲುಗಿನಲ್ಲೂ ಕೇಳಿದರು. ಅರ್ಧ ಜನ ಹಣೆ ಮುಟ್ಟಿಕೊಂಡೆವು, ಅರ್ಧ ಜನ ಎದೆ. ಹಿಂದಿನ ಬೆಂಚಿನ ಒಬ್ಬಳು ಮೊಬೈಲು ಎತ್ತಿ ಹಿಡಿದಳು. ನಾವೆಲ್ಲ ಹೋ ಎಂದು ನಕ್ಕೆವು. ಅವರು ನಗಲಿಲ್ಲ. ಕಿವಿ ತಿಕ್ಕಿಕೊಂಡರು. ಮುಂದಿನ ವಾರ ಬಂದವರೇ ಆ ಹುಡುಗಿಯನ್ನು ಎಬ್ಬಿಸಿ, ‘ನೀನು ಹೇಳಿದ್ದನ್ನು ಸುಳ್ಳು ಅನ್ನುವುದಕ್ಕೆ ನನಗೆ ಇನ್ನೂ ದಾರಿ ಸಿಕ್ಕಿಲ್ಲ’ ಎಂದರು. ಅವಳಿಗೆ ತಾನು ಹೇಳಿದ್ದೇ ಮರೆತುಹೋಗಿತ್ತು. ತಮಾಷೆಯ ಮಾತನ್ನೂ ವಾರಗಟ್ಟಲೆ ಹೊತ್ತುಕೊಂಡು ತಿರುಗುವ ಜನ ಎಷ್ಟಿದ್ದಾರು?

ನಾನು ಕನ್ನಡದವಳು ಎಂದು ಅವರಿಗೆ ತಿಳಿದದ್ದು ಒಂದು ಪರೀಕ್ಷೆಯ ದಿನ. ಪ್ರಶ್ನೆಪತ್ರಿಕೆ ನೋಡಿ ನನ್ನಷ್ಟಕ್ಕೆ ನಾನು ‘ತಲೀನ ಓಡವಲ್ದು’, ತಲೆಯೇ ಓಡುತ್ತಿಲ್ಲ ಎಂದು ಗೊಣಗಿದೆ. ಮೇಲ್ವಿಚಾರಣೆಗೆ ನಿಂತಿದ್ದವರು ಸೀದಾ ನನ್ನ ಬೆಂಚಿಗೆ ಬಂದು ಬಗ್ಗಿ, ‘ಯಾರ ತಲಿ? ಅದನ್ನ ಓಡಸಾಕಿ ಯಾರು?’ ಎಂದು ಕೇಳಿದರು. ಪರೀಕ್ಷೆಯ ಹಾಲಿನಲ್ಲಿ! ನನಗೆ ನಗು ತಡೆಯಲಾಗಲಿಲ್ಲ. ಅವತ್ತಿನಿಂದ ನಾನು ಅವರ ಮನೆಯವಳಾದೆ.

ಬೀದರ್ ಕಡೆಯವರಾದ ಅವರು ಆಮೇಲೆ ನನಗೆ ಪಾಠ ಹೇಳಿದ್ದು ಮನೆಮಾತಿನಲ್ಲೇ. ‘ನೋಡು ತಂಗಿ, ನಮ್ಮ ಮಂದಿ ಮೂರು ಮಾತು ಇಟ್ಟಾರ. ತಲಿ ಓಡವಲ್ದು ಅಂತಾರ, ಮನಸ್ಸು ಒಪ್ಪವಲ್ದು ಅಂತಾರ, ಖಬರ್ ಇಲ್ಲ ಅಂತಾರ. ಒಂದರ ಜಾಗಾದಾಗ ಇನ್ನೊಂದು ಹಾಕಂಗಿಲ್ಲ. ತಲಿ ಒಪ್ಪವಲ್ದು ಅಂತ ಯಾರರ ಅಂತಾರೇನು?’ ಖಬರ್ ಎಂದರೆ ನಮ್ಮ ಕಡೆ ಎಚ್ಚರ, ಪ್ರಜ್ಞೆ. ಮೂರ್ಛೆ ಬಿದ್ದವನಿಗೂ ಖಬರಿಲ್ಲ, ಮೈಮರೆತು ಕೂತವನಿಗೂ ಖಬರಿಲ್ಲ. ಈ ಮೂರಕ್ಕೂ ಪರಸ್ಪರ ಏನು ಸಂಬಂಧ ಎನ್ನುವುದೇ ಅವರು ಜೀವಮಾನವೆಲ್ಲ ತಲೆ ಕೆಡಿಸಿಕೊಂಡ ವಿಷಯ.

ನಿವೃತ್ತಿಯಾದ ಮೇಲೆ ಬೆಳಿಗ್ಗೆ ಯೂನಿವರ್ಸಿಟಿಯ ಮರಗಳ ಕೆಳಗೆ ತಿರುಗಾಡಲು ಅವರಿಗೆ ಇಬ್ಬರು ಜೊತೆಗಾರರಿದ್ದರು. ಒಬ್ಬರು ವೈದ್ಯಕೀಯ ಕಾಲೇಜಿನಲ್ಲಿ ಶರೀರಶಾಸ್ತ್ರ ಕಲಿಸಿದ್ದ ಡಾಕ್ಟರು. ಮೆದುಳು ಬಿಟ್ಟರೆ ಮನಸ್ಸೂ ಇಲ್ಲ ಮಣ್ಣೂ ಇಲ್ಲ ಎನ್ನುವವರು. ಇನ್ನೊಬ್ಬರು ಅಂಚೆ ಇಲಾಖೆಯಲ್ಲಿದ್ದು ವೇದಾಂತ ಓದಿಕೊಂಡವರು. ಮೆದುಳು ಬರೀ ಮಾಂಸ, ಆತ್ಮವೇ ಎಲ್ಲ ಎನ್ನುವವರು. ಮಾಸ್ತರಿಗೆ ಇಬ್ಬರ ಜೊತೆಗೂ ಜಗಳ. ಡಾಕ್ಟರಿಗೆ, ‘ಹಂಚು ಇಲ್ದ ರೊಟ್ಟಿ ಆಗಂಗಿಲ್ಲ, ಖರೆ. ಹಂಗಂತ ನೀವು ಮುಂಜಾನೆದ್ದು ಹಂಚು ತಿಂತೀರೇನ್ರಿ?’ ಎಂದು ಕೇಳುವರು. ವೇದಾಂತಿ ನಕ್ಕರೆ ಅವರ ಕಡೆ ತಿರುಗಿ, ‘ನೀವು ಹಂಚೇ ಬ್ಯಾಡ ಅಂತೀರಿ. ಹಸೇ ಹಿಟ್ಟು ತಿನ್ನರಿ’ ಎನ್ನುವರು. ಹಾಗಾದರೆ ನಿಮ್ಮ ಅಭಿಪ್ರಾಯ ಏನು ಎಂದು ಇಬ್ಬರೂ ಮೈಮೇಲೆ ಬಿದ್ದರೆ, ‘ಗೊತ್ತಿಲ್ಲ’ ಎನ್ನುವರು. ಆ ಗೊತ್ತಿಲ್ಲ ಸೋತವನದಲ್ಲ. ಕಾಲೂರಿ ನಿಂತು ಹೇಳಿದ ಹಾಗಿರುತ್ತಿತ್ತು. ತಿಳಿಯದ್ದನ್ನು ತಿಳಿದಂತೆ ಆಡುವವರನ್ನು ಕಂಡರೆ ಅವರಿಗೆ ಆಗುತ್ತಲೇ ಇರಲಿಲ್ಲ.

ಮನೆಯಲ್ಲಿ ಮಾತ್ರ ಈ ಜಗಳಗಂಟ ಮನುಷ್ಯ ಕೇಳುಗ. ಅವರ ಹೆಂಡತಿ ಮಾತುಗಾತಿ. ಹಾಲಿನವನಿಂದ ಹಿಡಿದು ಮೇಲಿನ ಮನೆಯವರ ಮಗಳ ಸಂಬಂಧದ ತನಕ ಬೆಳಿಗ್ಗೆ ಚಹಾದ ಹೊತ್ತಿಗೆ ಎಲ್ಲವೂ ತೆಲುಗಿನಲ್ಲಿ ಬಂದು ಬೀಳುತ್ತಿತ್ತು. ಇವರು ಕಪ್ಪು ಹಿಡಿದು ‘ತರವಾತ? ತರವಾತ?’ ಆಮೇಲೆ, ಆಮೇಲೆ ಎನ್ನುತ್ತ ಕೂರುವರು. ಎರಡೂ ಮನೆಯವರ ವಿರೋಧ ಕಟ್ಟಿಕೊಂಡು ಮದುವೆಯಾದವರು. ಮಕ್ಕಳಿರಲಿಲ್ಲ. ಸಂಸಾರ ಎಂದರೆ ಆ ಮಾತೇ.

ಅವರ ಪಾಠದಿಂದಲೇ ನಾನು ಈ ಕೆಲಸಕ್ಕೆ ಬಂದೆ. ಲಕ್ವ ಹೊಡೆದೋ ಪೆಟ್ಟು ಬಿದ್ದೋ ಮಾತು ಕಳೆದುಕೊಂಡವರಿಗೆ ಮಾತು ಕಲಿಸುವುದು ನನ್ನ ಕೆಲಸ. ಮಾದಾಪುರದ ಕಡೆಯ ಒಂದು ಆಸ್ಪತ್ರೆಯಲ್ಲಿದ್ದೇನೆ. ಒಂದು ದಿನ ಮಧ್ಯಾಹ್ನ ಮಾಸ್ತರು ಸ್ಕ್ಯಾನಿನ ಚೀಲ ಹಿಡಿದು ನನ್ನ ಕೋಣೆಗೆ ಬಂದರು. ತರಕಾರಿ ಸಂತೆಯಲ್ಲಿ ಫಿಟ್ಸ್ ಬಂದು ಬಿದ್ದಿದ್ದರಂತೆ. ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದೆ. ಎಡಗಡೆ, ಮಾತಿನ ಜಾಗಕ್ಕೆ ಒತ್ತಿಕೊಂಡೇ ಗಡ್ಡೆ. ಫಿಲ್ಮನ್ನು ಮುಖಕ್ಕೆ ಅಡ್ಡ ಹಿಡಿದೇ ನಿಂತೆ. ಅವರೇ, ‘ಅಳಬ್ಯಾಡ ತಂಗಿ. ಇಷ್ಟು ವರ್ಷ ಪುಸ್ತಕದಾಗ ನೋಡಿ ಕಲಿಸಿದೆ. ಈಗ ಒಳಗ ಹೋಗಿ ನೋಡಿ ಬರ್ತೀನಿ’ ಎಂದರು.

ಇಂಥ ಗಡ್ಡೆಯನ್ನು ರೋಗಿಯನ್ನು ಎಚ್ಚರವಾಗಿಟ್ಟುಕೊಂಡೇ ತೆಗೆಯುತ್ತಾರೆ. ಮೆದುಳಿಗೆ ತನ್ನ ನೋವು ತನಗೆ ಗೊತ್ತಾಗುವುದಿಲ್ಲ. ಸರ್ಜನ್ ಮೆದುಳಿನ ಮೇಲೆ ಒಂದೊಂದು ಜಾಗಕ್ಕೆ ಸಣ್ಣ ಕರೆಂಟು ತಾಗಿಸುತ್ತಾರೆ. ಎದುರಿಗೆ ಕೂತು ನಾನು ಚಿತ್ರದ ಕಾರ್ಡು ತೋರಿಸುತ್ತೇನೆ. ರೋಗಿ ಹೆಸರು ಹೇಳುತ್ತಾರೆ. ಎಲ್ಲಿ ಮಾತು ನಿಲ್ಲುತ್ತದೋ ಆ ಜಾಗವನ್ನು ಮುಟ್ಟದೆ ಬಿಡುತ್ತಾರೆ. ಆದರೆ ಹಲವು ಭಾಷೆ ಆಡುವವರಲ್ಲಿ ಒಂದು ತೊಡಕಿದೆ. ಕೆಲವರಿಗೆ ಒಂದು ಜಾಗದಲ್ಲಿ ಒಂದು ಭಾಷೆ ನಿಲ್ಲುತ್ತದೆ, ಇನ್ನೊಂದು ನಿಲ್ಲುವುದಿಲ್ಲ. ಮಾಸ್ತರಿಗೆ ಕನ್ನಡ, ತೆಲುಗು, ಇಂಗ್ಲಿಷು ಎಂದು ಮೂರು ಭಾಷೆ. ಎಚ್ಚರದ ಹೊತ್ತು ಚಿಕ್ಕದು, ರೋಗಿ ಬೇಗ ದಣಿಯುತ್ತಾರೆ. ಹಾಗಾಗಿ ಸರ್ಜನ್ ಅವರನ್ನು ಕೂರಿಸಿಕೊಂಡು ನೇರವಾಗಿ ಹೇಳಿದರು: ‘ಒಂದು ಭಾಷೆಯನ್ನು ಪೂರ್ತಿ ಪರೀಕ್ಷಿಸುತ್ತೇನೆ. ಉಳಿದವಕ್ಕೆ ಹೊತ್ತು ಸಿಕ್ಕರೆ ಸಿಕ್ಕಿತು. ಯಾವುದು ಬೇಕು?’

ಅವರ ಹೆಂಡತಿ ಆಗ ಕೆಳಗೆ ಔಷಧದ ಅಂಗಡಿಗೆ ಹೋಗಿದ್ದರು. ಮಾಸ್ತರು ಕಿವಿಯನ್ನೂ ತಿಕ್ಕಿಕೊಳ್ಳಲಿಲ್ಲ. ‘ತೆಲುಗು’ ಎಂದರು.

ನಾನು ತಡೆಯಲಾಗದೆ, ‘ಸರ್, ಕನ್ನಡ?’ ಎಂದೆ. ಈ ಊರಿನ ಕನ್ನಡ ಶಾಲೆ ಮುಚ್ಚುತ್ತದೆ ಎಂದಾಗ ಮನೆಮನೆ ತಿರುಗಿ ಮಕ್ಕಳನ್ನು ಸೇರಿಸಿದ ಮನುಷ್ಯ ಅವರು.

‘ಕನ್ನಡ ನಂದು,’ ಎಂದರು. ‘ಹೋದ್ರ ನನಗ ಲುಕ್ಸಾನು. ತೆಲುಗು ಹೋದ್ರ ಆಕೀಗೆ ಲುಕ್ಸಾನು. ಆಕಿ ಯಾರ ಜೋಡಿ ಮಾತಾಡ್ಬೇಕು?’ ಬಾಗಿಲ ಕಡೆ ಒಮ್ಮೆ ನೋಡಿ, ‘ಆಕೀಗೆ ಹೇಳಬ್ಯಾಡ. ಗದ್ಲ ಎಬ್ಬಸ್ತಾಳ’ ಎಂದರು.

ಕಾರ್ಡು ಆರಿಸಲು ಕೂತಾಗ ಬೇರೆಯೇ ಪಂಚಾಯಿತಿ. ಉಳ್ಳಾಗಡ್ಡಿಯ ಚಿತ್ರ ತೋರಿಸಿದರೆ ತೆಲುಗಿನಲ್ಲಿ ಉಲ್ಲಿಗಡ್ಡ. ಕುರ್ಚಿ ಅಲ್ಲೂ ಕುರ್ಚಿ, ಇಲ್ಲೂ ಕುರ್ಚಿ. ಇಂಥವನ್ನು ಇಟ್ಟುಕೊಂಡರೆ ಯಾವ ಭಾಷೆ ಉಳಿಯಿತು, ಯಾವುದು ಹೋಯಿತು ಎಂದು ಹೇಗೆ ತಿಳಿಯಬೇಕು? ಒಂದೊಂದನ್ನೇ ತೆಗೆದುಹಾಕುತ್ತ ಹೋದೆ. ಮಾಸ್ತರಿಗೆ ಒಳಗೊಳಗೇ ಖುಷಿ. ‘ನೋಡು, ಡಾಕ್ಟರ್‌ಗೆ ಕನ್ನಡ ತೆಲುಗು ಬ್ಯಾರೆ ಮಾಡಾಕ ಬರವಲ್ದು’ ಎಂದು ಕಣ್ಣು ಹೊಡೆದರು. ಕೊನೆಗೆ ಕುದುರೆ, ಮೀನು, ಬಾಚಣಿಗೆ ಇಂಥವು ಉಳಿದವು.

ಆಪರೇಷನ್ ದಿನ ಹಸಿರು ಬಟ್ಟೆಯ ಗುಡಾರದ ಕೆಳಗೆ ಅವರ ಮುಖ, ಎದುರಿಗೆ ನಾನು. ಅರಿವಳಿಕೆ ಇಳಿಯುತ್ತಿದ್ದಂತೆ ಮೊದಲು ಬಾಯಿಗೆ ಬಂದದ್ದು ನಾವು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳದ ದಖನಿ, ಹೈದರಾಬಾದಿನ ಬೀದಿಯ ಉರ್ದು. ‘ಅರೆ ಭಾಯ್, ರೋಕೋ ನಾ! ಉತರ್ನಾ ಹೈ!’ ನಿಲ್ಲಿಸಪ್ಪಾ, ಇಳಿಯಬೇಕು ಅಂತ. ಯಾವ ಕಾಲದ ಯಾವ ಬಸ್ಸಿನಲ್ಲಿದ್ದರೋ! ಸರ್ಜನ್ ಕೂಡ ನಕ್ಕರು. ಕಣ್ಣು ಬಿಟ್ಟು ನನ್ನನ್ನು ಗುರುತು ಹಿಡಿದು, ‘ಬಂದೆನವ್ವ’ ಎಂದರು.

ಕಾರ್ಡು ತೋರಿಸುತ್ತ ಹೋದೆ. ‘ಇದಿ ಗುರ್ರಂ. ಇದಿ ಚೇಪ.’ ಬಾಚಣಿಗೆಯ ಕಾರ್ಡು ಬಂತು. ‘ಇದಿ…’ ಎಂದು ನಿಂತರು. ‘ಇದಿ… ಇದಿ…’ ಕಣ್ಣು ಅಗಲವಾಯಿತು. ಕಾರ್ಡನ್ನು ನೋಡಿದರು, ನನ್ನನ್ನು ನೋಡಿದರು. ಸರ್ಜನ್ ಕರೆಂಟು ತೆಗೆದರು. ‘ದುವ್ವೆನ!’ ಎಂದು ಮಾಸ್ತರು ಕೂಗಿಬಿಟ್ಟರು. ಆ ಜಾಗಕ್ಕೆ ಸರ್ಜನ್ ಗುರುತಿನ ಚೀಟಿ ಇಟ್ಟು ಮುಟ್ಟದೆ ಬಿಟ್ಟರು. ಹೀಗೇ ಹುಡುಕುತ್ತ ತೆಲುಗನ್ನು ಪೂರ್ತಿ ಮುಗಿಸುವಷ್ಟರಲ್ಲಿ ಮಾಸ್ತರ ರೆಪ್ಪೆ ಬೀಳತೊಡಗಿತು. ಕನ್ನಡಕ್ಕೆ ಹೊತ್ತು ಸಿಗಲಿಲ್ಲ.

ಗಡ್ಡೆ ಹೋಯಿತು. ತೆಲುಗು ಗಟ್ಟಿಯಾಗಿ ಉಳಿಯಿತು. ಕನ್ನಡ ಕುಂಟಿತು. ಕೇಳಿದರೆ ಎಲ್ಲ ತಿಳಿಯುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ಹೆಂಡತಿಗೆ ಯಾರೂ ಹೇಳಬೇಕಾಗಲಿಲ್ಲ. ಒಂದು ವಾರ ನೋಡಿ ನನ್ನನ್ನು ಹಿಡಿದು ಕೇಳಿದರು, ನಾನು ಒಪ್ಪಿಕೊಂಡೆ. ಆಮೇಲೆ ಶುರುವಾಯಿತು ನೋಡಿ. ಹುಟ್ಟಿದ ಭಾಷೆಯನ್ನು ಯಾರಾದರೂ ಹೀಗೆ ಬಿಟ್ಟುಕೊಡುತ್ತಾರೆಯೇ, ನನ್ನನ್ನು ಒಂದು ಮಾತು ಕೇಳಬಾರದಿತ್ತೇ ಎಂದು ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಅಡುಗೆಮನೆಗೆ ಬೈದದ್ದೇ ಬೈದದ್ದು. ಬೈಯುತ್ತ ಬೈಯುತ್ತ ಅತ್ತರು. ಮಾಸ್ತರು ತಲೆಗೆ ಬಟ್ಟೆ ಸುತ್ತಿಕೊಂಡು ಕೂತು ಒಂದಕ್ಷರ ಬಿಡದೆ ಕೇಳಿದರು. ಅಷ್ಟು ಸುಖವಾಗಿ ಬೈಸಿಕೊಂಡ ಗಂಡಸನ್ನು ನಾನು ಕಂಡಿಲ್ಲ.

ಕನ್ನಡವನ್ನು ಹಾಗೇ ಬಿಡುವ ಜಾಯಮಾನವೂ ಅವರದಲ್ಲ. ಮೆಟ್ರೋ ಹತ್ತಿ ತಪ್ಪದೆ ನನ್ನ ಹತ್ತಿರ ಬರತೊಡಗಿದರು. ಬಾಚಣಿಗೆ ತೋರಿಸಿ ನಾನು ‘ಹ…’ ಎಂದು ಮೊದಲ ಅಕ್ಷರ ಕೊಡಲು ಹೋದರೆ ಅಂಗೈ ಅಡ್ಡ ಹಿಡಿದು, ‘ಆಗು, ಆಗು! ಚೆಪ್ಪೊದ್ದು!’ ತಡಿ, ಹೇಳಬೇಡ ಎಂದು ತೆಲುಗಿನಲ್ಲಿ ಗದರುವರು. ಕನ್ನಡ ಕಲಿಯುವುದಕ್ಕೆ ತೆಲುಗಿನಲ್ಲಿ ಬೈಗುಳ. ಹಣೆಯ ನರ ಉಬ್ಬುವ ತನಕ ಕಾದು, ಬೆವತು, ಕೊನೆಗೆ ‘ಹ… ಹಣಿಗಿ’ ಎನ್ನುವರು. ನಮ್ಮ ಕಡೆ ಬಾಚಣಿಗೆಗೆ ಹಾಗೇ ಅನ್ನುವುದು. ಸಾಕು ಸರ್, ನಾಳೆ ಮಾಡೋಣ ಎಂದರೆ ಸಿಟ್ಟು. ಹಲ್ಲು ಕಚ್ಚಿ ಒಂದೊಂದೇ ಮಾತನ್ನು ವಾಪಸು ತಂದರು.

ಅಂಥ ಒಂದು ದಿನ ಆಪರೇಷನ್ನಿನಲ್ಲಿ ಮಾತು ನಿಂತ ಆ ಗಳಿಗೆಯ ಬಗ್ಗೆ ಕೇಳಿದೆ. ಅವರು ತೆಲುಗಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ. ‘ಆ ವಸ್ತು ಏನು ಅಂತ ಚೆನ್ನಾಗಿ ಗೊತ್ತಿತ್ತು. ತಲೆಗೆ ಹಾಕುವುದು. ಅದನ್ನು ನಮ್ಮಾಕೆ ಬಾತ್‌ರೂಮಿನ ಕಿಟಕಿಯಲ್ಲಿ ಬಿಟ್ಟುಬರುತ್ತಾಳೆ, ನಾನು ರೇಗುತ್ತೇನೆ. ಅದೆಲ್ಲ ಇತ್ತು. ಹೆಸರು ಮಾತ್ರ ಇರಲಿಲ್ಲ. ಹೆಸರು ಹೋಗಿದೆ ಅಂತ ನೋಡುತ್ತ ಒಬ್ಬ ಕೂತಿದ್ದ. ಅವನು ಹೋಗಿರಲಿಲ್ಲ.’

ನಾನು ಕಾರ್ಡು ಕೆಳಗಿಟ್ಟೆ. ‘ಹಂಗಾದ್ರ ಸರ್, ತಲಿ ಬ್ಯಾರೆ, ಖಬರ್ ಬ್ಯಾರೆ ಅಂತ ಆತಲ್ರಿ?’ ಎಂದೆ.

ಅವರು ಕಿವಿ ತಿಕ್ಕಿಕೊಂಡರು. ಕರೆಂಟು ಮುಟ್ಟಿಸಿದ್ದು ಕಾಳಿನಷ್ಟು ಜಾಗಕ್ಕೆ, ಉಳಿದ ಮೆದುಳೆಲ್ಲ ಕೆಲಸ ಮಾಡುತ್ತಲೇ ಇತ್ತಲ್ಲ, ಅವಸರ ಮಾಡಬೇಡ ಎಂದು ತೆಲುಗಿನಲ್ಲೇ ಹೇಳಿ, ಆಮೇಲೆ ಬಾಯಿ ಸೊಟ್ಟ ಮಾಡಿ ಹೆಣಗಿ, ‘ಗೊ… ಗೊತ್ತಿಲ್ಲ’ ಎಂದರು. ಕನ್ನಡದಲ್ಲಿ ಅವರಿಗೆ ಮರಳಿ ಬಂದ ಮೊದಲ ಪೂರ್ತಿ ವಾಕ್ಯ ಅದು. ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು.

ಕೆಲವು ವರ್ಷ ಚೆನ್ನಾಗಿ ಕಳೆದವು. ಆಮೇಲೆ ಗಡ್ಡೆ ಮರಳಿ ಬಂತು. ಈ ಸಲ ತೆಗೆಯುವ ಹಾಗಿರಲಿಲ್ಲ. ಮೊದಲು ಕನ್ನಡ ಹೋಯಿತು, ಆಮೇಲೆ ಅಷ್ಟು ಜೋಪಾನವಾಗಿ ಉಳಿಸಿಕೊಂಡ ತೆಲುಗೂ ಹೋಯಿತು. ತಾರ್ನಾಕದ ಮನೆಯ ಮುಂದಿನ ಕೋಣೆಯಲ್ಲಿ ಮಂಚ ಹಾಕಿದರು. ನೋಡಲು ಬಂದವರು ಮಂಚದ ಆಚೆ ಈಚೆ ಕೂತು, ಅವರು ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ, ಮುಂದಿನ ಕ್ರಿಯೆಯ ಮಾತಾಡುವರು. ಅವರ ಹೆಂಡತಿ ಅಂಥವರನ್ನು ಎಬ್ಬಿಸಿ ಕಳಿಸಿದರು. ತಾವು ಮಾತ್ರ ದಿನಾ ಬೆಳಿಗ್ಗೆ ಚಹಾ ಕಪ್ಪು ಹಿಡಿದು ಮಂಚದ ಪಕ್ಕ ಕೂತು ಊರ ಸುದ್ದಿಯೆಲ್ಲ ಹೇಳುವರು. ತಿರುಗಾಟದ ಜೊತೆಗಾರರಿಬ್ಬರೂ ಒಳ್ಳೆಯ ಮನಸ್ಸಿನಿಂದಲೇ ಬುದ್ಧಿ ಹೇಳಿದರು. ಡಾಕ್ಟರು, ‘ಇನ್ನು ಒಳಗೆ ಏನೂ ಹೋಗುವುದಿಲ್ಲಮ್ಮ, ಸುಮ್ಮನೆ ದಣಿಯಬೇಡಿ’ ಎಂದರು. ವೇದಾಂತಿಗಳು, ‘ಆತ್ಮ ಸಾಕ್ಷಿ. ಅದಕ್ಕೆ ಸಂಸಾರದ ಸುದ್ದಿ ಯಾಕೆ? ನಾಮಸ್ಮರಣೆ ಹಾಕಿ’ ಎಂದರು. ವರ್ಷಗಟ್ಟಲೆ ಕಾದಾಡಿದ ಇಬ್ಬರೂ ಈ ಹೆಂಗಸು ಬಾಯಿ ಮುಚ್ಚಬೇಕು ಎನ್ನುವುದರಲ್ಲಿ ಮಾತ್ರ ಒಂದಾದರು.

ಆಕೆ ನನ್ನನ್ನು ಕೇಳಿದರು. ‘ನುವ್ವು ಚೆಪ್ಪು. ಆಯನಕಿ ತೆಲುಸ್ತುಂದಾ?’ ಅವರಿಗೆ ತಿಳಿಯುತ್ತದೆಯೇ? ಮಾಸ್ತರಿಗೆ ಕಣ್ಣು ಮುಚ್ಚಿ ಎಂದೆ, ಮುಚ್ಚಲಿಲ್ಲ. ಕೈ ಒತ್ತಿ ಎಂದೆ, ಒತ್ತಲಿಲ್ಲ. ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು. ಆಕೆಗೆ ಸುಳ್ಳು ಸಮಾಧಾನ ಹೇಳಲು ನನಗೆ ಮನಸ್ಸು ಬರಲಿಲ್ಲ. ಗೊತ್ತಿಲ್ಲ ಎಂದೆ. ಗೊತ್ತಿಲ್ಲ ಎಂದರೆ ಇಲ್ಲ ಅಂತಲ್ಲ ಎಂದೂ ಹೇಳಿದೆ. ಹೆಸರು ಹೋದಾಗಲೂ ನೋಡುತ್ತ ಕೂತಿದ್ದವನ ಕಥೆಯನ್ನು ಅವರಿಗೆ ಹೇಳಿದ್ದು ಆಗಲೇ. ಅಷ್ಟೂ ಕೇಳಿಸಿಕೊಂಡು, ‘ಅಯಿತೇ ನೇನು ಆಪನು’ ಎಂದರು. ಹಾಗಿದ್ದರೆ ನಾನು ನಿಲ್ಲಿಸುವುದಿಲ್ಲ.

ನಿಲ್ಲಿಸಲಿಲ್ಲ. ಗಂಟಲು ಬಿದ್ದರೂ, ಜ್ವರ ಬಂದರೂ ನಿಲ್ಲಿಸಲಿಲ್ಲ. ಕೊನೆಯ ವಾರ ಒಂದು ಬೆಳಿಗ್ಗೆ ನಾನೂ ಅಲ್ಲಿದ್ದೆ. ನೀರಿನ ಟ್ಯಾಂಕರಿನವನು ಅರ್ಧ ನೀರು ಬಿಟ್ಟು ಹೋಗಲು ನೋಡಿದ್ದು, ಇವರು ಪೈಪು ಹಿಡಿದು ಗೇಟಿಗೆ ಅಡ್ಡ ನಿಂತದ್ದು, ಎಲ್ಲ ಹೇಳುತ್ತಿದ್ದವರು ನಡುವೆ ತಟ್ಟನೆ ನಿಂತರು. ಸೆರಗಿನಿಂದ ಮುಖ ಮುಚ್ಚಿಕೊಂಡರು. ನಾನು ಅವರು ಸೋತದ್ದನ್ನು ಕಂಡದ್ದು ಅದೊಂದೇ ಸಲ.

ಮಾಸ್ತರ ಎಡಗೈ ಹಾಸಿಗೆಯ ಮೇಲೆ ಸರಿಯಿತು. ಬೆರಳು ತಡಕಾಡಿ ಆಕೆಯ ಮಣಿಕಟ್ಟಿಗೆ ತಾಗಿತು. ಒಂದು ಸಲ ತಟ್ಟಿತು. ಸ್ವಲ್ಪ ನಿಂತು ಮತ್ತೆ ತಟ್ಟಿತು.

ಇಂಥ ಚಲನೆ ತನ್ನಷ್ಟಕ್ಕೆ ತಾನೂ ಆಗಬಹುದೆಂದು ನನಗೆ ಗೊತ್ತು. ಹೇಳಬೇಕೆಂದು ಬಾಯಿಯೂ ತೆರೆದೆ. ಆಕೆ ನನ್ನ ಕಡೆ ನೋಡಲೇ ಇಲ್ಲ. ಮುಖ ಒರೆಸಿಕೊಂಡು, ಕುರ್ಚಿಯನ್ನು ಮಂಚಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಂಡು, ‘ಎಕ್ಕಡಿದಾಕ ಚೆಪ್ಪಿನ?’ ಎಲ್ಲಿಯ ತನಕ ಹೇಳಿದೆ ಎಂದು ಅವರನ್ನೇ ಕೇಳಿದರು. ಆಮೇಲೆ ಟ್ಯಾಂಕರಿನವನ ಜಗಳವನ್ನು ಗೇಟಿನಿಂದ ಮುಂದಕ್ಕೆ ಹೇಳತೊಡಗಿದರು.